ತಕ್ಕಡಿಗೆ ಹತ್ತೊಂಬತ್ತು ದಿನ

ರಜೆಯಲ್ಲಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ನಲವತ್ತು ಕಂಪ್ಯೂಟರುಗಳಿಗೆ ನೀಲಿ ಬಟ್ಟೆ ಹೊದಿಸಿರುತ್ತಾರೆ. ಹೊದಿಸುವವಳು ಸುಕನ್ಯಾಳೇ. ನಲವತ್ತೊಂದನೆಯದು ಅವಳದು. ಅದರ ಮೇಲಿನ ಒಂದು ಫ್ಯಾನು ಮಾತ್ರ ತಿರುಗುತ್ತದೆ. ಲ್ಯಾಬ್ ಸಹಾಯಕಿಗೆ ರಜೆ ಇಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಬೀಗ ತೆಗೆಯಬೇಕು, ಸಂಜೆ ಐದಕ್ಕೆ ಹಾಕಬೇಕು. ನಡುವೆ ಯಾರೂ ಬರುವುದಿಲ್ಲ.

ಆ ನಡುವಿನ ಹೊತ್ತಿನಲ್ಲಿ ಅವಳು ಮಾಡುವ ಇನ್ನೊಂದು ಕೆಲಸ ಹೊಸಪೇಟೆಯಲ್ಲಿ ಯಾರಿಗೂ ಗೊತ್ತಿಲ್ಲ. ಗುಟ್ಟೇನಲ್ಲ. ಹೇಳಿದರೆ ವಿವರಿಸಬೇಕಾಗುತ್ತದೆ, ಅಷ್ಟೆ. ಯಾರೋ ಎಲ್ಲೋ ಒಂದು ಸಣ್ಣ ಪೈಥಾನ್ ಲೈಬ್ರರಿ, ಅಂದರೆ ಬೇರೆಯವರ ಪ್ರೋಗ್ರಾಮಿಗೂ ಒದಗುವ ಕೋಡಿನ ಕಟ್ಟು, ಬರೆದು, ಎಲ್ಲರೂ ಬಳಸಲಿ ಎಂದು ಬಿಟ್ಟುಕೊಟ್ಟಿರುತ್ತಾರೆ. ಅದು ಯಾವ ಊರಿನ ಯಾವ ಕಂಪ್ಯೂಟರಿಗಾದರೂ ಒಂದೇ ಸಾಲಿನ ಆದೇಶಕ್ಕೆ ಬಂದು ಕೂರಬೇಕಾದರೆ ಒಂದು ಪುಟದ ಕಡತ ಬೇಕು. ಅದಕ್ಕೆ ರೆಸಿಪಿ ಅನ್ನುತ್ತಾರೆ. ಮೂಲ ಎಲ್ಲಿದೆ, ಜೊತೆಗೆ ಏನೇನು ಬೇಕು, ಸರಿಯಾಗಿ ಕೂತಿದೆಯೋ ಇಲ್ಲವೋ ನೋಡುವುದು ಹೇಗೆ, ಲೈಸೆನ್ಸ್ ಯಾವುದು, ಎಲ್ಲಕ್ಕಿಂತ ಕೊನೆಗೆ, ಇದನ್ನು ಮುಂದೆ ನೋಡಿಕೊಳ್ಳುವವರು ಯಾರು. ಇಷ್ಟು ಬರೆದು ಕಳಿಸಿದರೆ, ಸಂಬಳವಿಲ್ಲದೆ ದುಡಿಯುವ ಕೆಲವರು ಅದನ್ನು ಓದಿ, ತಪ್ಪು ತೋರಿಸಿ, ತಿದ್ದಿಸಿ, ಒಪ್ಪಿದ ಮೇಲೆ ಎಲ್ಲರ ಉಗ್ರಾಣಕ್ಕೆ ಸೇರಿಸುತ್ತಾರೆ. ಸೇರಿಸಿದ ಕೂಡಲೇ ಆ ಮಾತುಕತೆಯ ಪುಟ ಮುಗಿಯುತ್ತದೆ. ಸುಕನ್ಯಾ ಆ ಕೆಲವರಲ್ಲಿ ಒಬ್ಬಳು. ಮೂರು ವರ್ಷದಲ್ಲಿ ಆರುನೂರು ಪುಟ ಮುಗಿಸಿದ್ದಳು. ಪೋಲೆಂಡಿನವರು, ಬ್ರೆಜಿಲಿನವರು, ಕೊರಿಯಾದವರು. ಎಲ್ಲರೂ ಥ್ಯಾಂಕ್ಸ್ ಎಂದು ಬರೆದು ಹೋದವರು, ಮತ್ತೆ ಬರಲಿಲ್ಲ. ಬರುವುದಕ್ಕೆ ಕಾರಣವೂ ಇರಲಿಲ್ಲ.

ಏಪ್ರಿಲ್ ಕೊನೆಯ ವಾರ ಒಂದು ರೆಸಿಪಿ ಬಂತು. ಲೈಬ್ರರಿಯ ಹೆಸರು ತಕ್ಕಡಿ.

ಇಂಗ್ಲಿಷ್ ಅಕ್ಷರಗಳಲ್ಲಿದ್ದ ಆ ಹೆಸರನ್ನು ಅವಳು ಖಾಲಿ ಲ್ಯಾಬಿನಲ್ಲಿ ಬಾಯಿಬಿಟ್ಟು ಓದಿದಳು. ಲಾರಿ ತೂಗುವ ವೇಬ್ರಿಜ್‌ಗಳಲ್ಲಿ ತೂಕ ತೋರಿಸುವ ಹಳೆಯ ಪೆಟ್ಟಿಗೆಗಳಿರುತ್ತವೆ. ಅವು ಕೇಬಲ್ಲಿನ ಮೂಲಕ ಅಂಕಿಗಳನ್ನು ಹಿಂದುಮುಂದಾಗಿ ಉಗುಳುತ್ತವೆ. ಈ ಲೈಬ್ರರಿ ಅದನ್ನು ಓದಿ ಸರಿಯಾದ ತೂಕವಾಗಿ ಬರೆದಿಡುತ್ತದೆ. ಪರೀಕ್ಷೆಗೆಂದು ಇಟ್ಟಿದ್ದ ಮಾದರಿಯಲ್ಲಿ ಇಪ್ಪತ್ತು ಲಾರಿಗಳ ನಂಬರಿತ್ತು. ಎಲ್ಲವೂ ಕೆಎ ಮೂವತ್ತೈದು. ಹೊಸಪೇಟೆಯ ಗಾಡಿಗಳು. ಕೆಳಗೆ ಸ್ಥಳ ಎನ್ನುವಲ್ಲಿ ತಕ್ಕಡಿ ರಿಪೇರಿ ಅಂಗಡಿ, ಗಾದಿಗನೂರು ಕ್ರಾಸ್ ಎಂದಿತ್ತು. ಚಿತ್ತವಾಡ್ಗಿಯ ಅವಳ ಬಾಡಿಗೆ ಕೋಣೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ಕಳಿಸಿದವನು ಹಂಪೇಶ್.

'ನೀವು ಗಾದಿಗನೂರಿನವರಾ?' ಎಂದು ಕನ್ನಡದಲ್ಲಿ ಟೈಪು ಮಾಡಿದಳು. ಆ ಪುಟವನ್ನು ಜಗತ್ತಿನಲ್ಲಿ ಯಾರು ಬೇಕಾದರೂ ಓದಬಹುದಿತ್ತು. ಅವನು ಹೌದು ಎಂದರೆ ಆಮೇಲೆ ಏನು ಕೇಳುವುದೆಂದು ಅವಳಿಗೆ ಹೊಳೆಯಲಿಲ್ಲ. ಅಳಿಸಿದಳು. ಯಾವಾಗಲೂ ಬರೆಯುವುದನ್ನೇ ಇಂಗ್ಲಿಷಿನಲ್ಲಿ ಬರೆದಳು: ಮೂಲದ ಕಟ್ಟಿನಲ್ಲಿ ಲೈಸೆನ್ಸ್ ಕಡತ ಇಲ್ಲ, ದಯವಿಟ್ಟು ಸೇರಿಸಿ.

ಮರುದಿನ ಉತ್ತರ ಬಂತು. ಅದೂ ಇಂಗ್ಲಿಷೇ, ಆದರೆ ಹೆಡ್‌ಮಾಸ್ತರರಿಗೆ ಬರೆದ ಅರ್ಜಿಯ ಇಂಗ್ಲಿಷು. ಗೌರವಾನ್ವಿತ ಸರ್, ತಾವು ತಿಳಿಸಿದಂತೆ ಸೇರಿಸಿದ್ದೇನೆ, ತಾವು ಪರಿಶೀಲಿಸಬೇಕಾಗಿ ವಿನಂತಿ. ಅವಳ ಖಾತೆಗೆ ಮೂರು ಅಕ್ಷರ, ಎರಡು ಅಂಕಿಯ ಹೆಸರು. ಚಿತ್ರದ ಜಾಗದಲ್ಲಿ ಹಸಿರು ಚೌಕಗಳು. ಸರ್ ಎನ್ನುವುದನ್ನು ಅವಳು ತಿದ್ದಲಿಲ್ಲ.

ಮೊದಲ ಮೂರು ತಪ್ಪುಗಳು ನಿಜವಾದ ತಪ್ಪುಗಳು. ಆರನೆಯ ದಿನಕ್ಕೆ ಅವು ಮುಗಿದವು. ಉಳಿದದ್ದು ಒಂದೇ. ನೋಡಿಕೊಳ್ಳುವವರ ಪಟ್ಟಿಯಲ್ಲಿ ಎರಡು ಹೆಸರಿದ್ದವು. ಮೇಲೆ ದೊಡ್ಡಬಸಪ್ಪ, ಕೆಳಗೆ ಹಂಪೇಶ್. ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಅಲ್ಲಿ ಖಾತೆ ಇರಬೇಕು, ಅವರೇ ಬಂದು 'ನನಗೆ ಒಪ್ಪಿಗೆ' ಎಂದು ಬರೆಯಬೇಕು ಎನ್ನುವುದು ನಿಯಮ. ದೊಡ್ಡಬಸಪ್ಪ ಎಂಬ ಖಾತೆಯೇ ಇಲ್ಲವೆಂದು, ಬಂದ ಕಡತಗಳನ್ನು ತಾನಾಗಿ ಪರೀಕ್ಷಿಸುವ ಯಂತ್ರ ಮೊದಲ ದಿನವೇ ಕೆಂಪು ಗುರುತು ಹಾಕಿತ್ತು. ಇದಕ್ಕೇನು ಮಾಡಲಿ ಸರ್ ಎಂದು ಹಂಪೇಶ್ ಮರುದಿನವೇ ಕೇಳಿದ್ದ. ಅದನ್ನು ಕೊನೆಗೆ ನೋಡೋಣ ಎಂದು ಸುಕನ್ಯಾ ಬರೆದಿದ್ದಳು.

ಆಮೇಲೆ ಕೊನೆಯನ್ನು ದೂರ ಮಾಡುತ್ತ ಹೋದಳು. ಏಳನೆಯ ದಿನ, ಎರಡು ಭಾಗಗಳ ನಡುವೆ ಒಂದರ ಬದಲು ಎರಡು ಖಾಲಿ ಸಾಲು ಇವೆ ಎಂದಳು. ಒಂಬತ್ತನೆಯ ದಿನ, ವಿಳಾಸದ ಸಾಲು ವಿವರಣೆಯ ಸಾಲಿಗಿಂತ ಮೇಲಿದ್ದರೆ ಚೆನ್ನ. ಹನ್ನೊಂದನೆಯ ದಿನ, ವಿವರಣೆಯನ್ನು ಇನ್ನಷ್ಟು ಚಿಕ್ಕದು ಮಾಡಬಹುದೇ. ಇನ್ನೊಬ್ಬರ ರೆಸಿಪಿಯಲ್ಲಿ ಇಂಥವನ್ನೆಲ್ಲ ಅವಳು ನೋಡಿಯೂ ನೋಡದ ಹಾಗೆ ದಾಟುತ್ತಿದ್ದಳು. ಆದರೆ ಇಲ್ಲಿ ತಪ್ಪು ತೋರಿಸದಿದ್ದರೆ ಒಪ್ಪಬೇಕಿತ್ತು. ಒಪ್ಪಿದರೆ ಮರುದಿನ ಬೀಗ ತೆಗೆದು ಕಂಪ್ಯೂಟರ್ ಹಾಕಿದಾಗ ಗೌರವಾನ್ವಿತ ಸರ್ ಇರುತ್ತಿರಲಿಲ್ಲ.

ಅವನು ಒಂದು ದಿನವೂ ತಪ್ಪಿಸಲಿಲ್ಲ. ಮಧ್ಯಾಹ್ನ ಹನ್ನೆರಡಕ್ಕೋ ಮೂರೂ ನಲವತ್ತಕ್ಕೋ, ಹೊತ್ತಲ್ಲದ ಹೊತ್ತಿನಲ್ಲಿ ಉತ್ತರ ಬರುತ್ತಿತ್ತು. ಮಾಡಿದ್ದೇನೆ ಸರ್, ಪರಿಶೀಲಿಸಿ. ಹದಿನಾಲ್ಕನೆಯ ದಿನ ಇನ್ನೊಂದು ಸಾಲು ಸೇರಿತ್ತು: ನನ್ನ ಕಡೆಯಿಂದ ತಮಗೆ ಏನು ಬೇಕಾಗಿದೆ ಎಂದು ದಯವಿಟ್ಟು ತಿಳಿಸಿ. ಮರ್ಯಾದೆಯ ಮಾತು ಎಂದುಕೊಂಡಳು. ವಿವರಣೆಯ ಮೂರನೆಯ ಪದದ ಮೊದಲ ಅಕ್ಷರ ಚಿಕ್ಕದಾಗಿರಲಿ ಎಂದು ಉತ್ತರಿಸಿದಳು.

ಹದಿನೆಂಟನೆಯ ದಿನ, ಶುಕ್ರವಾರ, ಪೋರ್ಚುಗಲ್ಲಿನ ಇನ್ನೊಬ್ಬ ಪರಿಶೀಲಕ ಆ ಪುಟಕ್ಕೆ ಬಂದ. ಇದು ಯಾಕೆ ಇನ್ನೂ ನಿಂತಿದೆ, ಖಾತೆ ಇಲ್ಲದ ಹೆಸರನ್ನು ತೆಗೆಯಿರಿ, ನಾನೇ ಸೇರಿಸುತ್ತೇನೆ ಎಂದ. ಹಂಪೇಶನ ಉತ್ತರ ಅವನು ಬರೆದ ಎಲ್ಲಕ್ಕಿಂತ ಉದ್ದವಾಗಿತ್ತು. ದೊಡ್ಡಬಸಪ್ಪನವರು ನನ್ನ ಗುರುಗಳು. ತೂಕದ ವಿಷಯ ನನಗೆ ಗೊತ್ತಿರುವುದೆಲ್ಲ ಅವರು ಕಲಿಸಿದ್ದು. ಅವರ ಹೆಸರು ಮೇಲಿರದಿದ್ದರೆ ಕೆಳಗೆ ನನ್ನ ಹೆಸರು ಚೆನ್ನಾಗಿ ಕಾಣುವುದಿಲ್ಲ. ಸಾಧ್ಯವಿಲ್ಲವೆಂದರೆ ಸೋಮವಾರ ರೆಸಿಪಿಯನ್ನು ವಾಪಸು ತೆಗೆದುಕೊಳ್ಳುತ್ತೇನೆ.

ಪೋರ್ಚುಗಲ್ಲಿನವನು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಹೋದ. ಅವನಿಗೆ ತಿಳಿಯುವುದು ಸಾಧ್ಯವಿರಲಿಲ್ಲ. ಕಂಪ್ಲಿಯಲ್ಲಿ ಸುಕನ್ಯಾಳ ಅಣ್ಣನ ಮದುವೆಯ ಕಾರ್ಡಿನಲ್ಲಿ ವರನ ಹೆಸರಿಗಿಂತ ಮೇಲೆ ಹನ್ನೊಂದು ಹೆಸರುಗಳಿದ್ದವು. ಹಂಪೇಶ್ ರೆಸಿಪಿಯನ್ನೂ ಹಾಗೇ ಅಚ್ಚು ಹಾಕಿಸಿದ್ದ. ಇದು ಅವಳಿಗೆ ಮೊದಲ ದಿನವೇ ಗೊತ್ತಾಗಿತ್ತು. ಮೊದಲ ದಿನವೇ ಹೇಳಬಹುದಿತ್ತು.

ಶನಿವಾರ ಬೆಳಿಗ್ಗೆ ಕಾಲೇಜಿಗೆ ಒಂದು ದಿನದ ರಜೆ ಹೇಳಿ ಅವಳು ಮೆಟ್ಟಿಲಿಳಿಯುವಾಗ ಕೆಳಗಡೆ ತರಕಾರಿ ಅಂಗಡಿ ಇಟ್ಟಿರುವ ಮನೆಯೊಡತಿ ಹೊನ್ನೂರಮ್ಮ ಬದನೆಕಾಯಿಗೆ ನೀರು ಚಿಮುಕಿಸುತ್ತಿದ್ದಳು.

"ಎಲ್ಲಿಗೆ ಹೊಂಟಿ?"

"ಗಾದಿಗನೂರಿಗೆ."

"ಅಲ್ಲಿ ಯಾರದಾರ ನಿಂಗ?"

"ಯಾರಿಲ್ಲ. ಅಲ್ಲೊಂದು ತಕ್ಕಡಿ ರಿಪೇರಿ ಅಂಗಡಿ ಐತಂತ."

"ತಕ್ಕಡಿ ಇಲ್ದ ತಕ್ಕಡಿ ಅಂಗಡಿಗೆ ಹೊಂಟಿಯೇನು? ಹುಡುಗಿ ಚಲೋ ಅದಿ ನೀನು." ಹೊನ್ನೂರಮ್ಮ ತನ್ನ ಎಲೆಕ್ಟ್ರಾನಿಕ್ ತಕ್ಕಡಿಯನ್ನು ಒರೆಸಿ ಚೀಲಕ್ಕೆ ಹಾಕಿದಳು. "ಇದನ್ನ ಒಯ್ಯಿ. ಏನೂ ಇಡದಿದ್ರೂ ಇಪ್ಪತ್ತು ಗ್ರಾಂ ತೋರಸ್ತೈತಿ. ಗಿರಾಕಿ ಮುಂದ ಮರ್ಯಾದಿ ಹೋಗ್ತೈತಿ. ಜಲ್ದಿ ಬಾ, ಅಲ್ಲಿತನಕ ಕಣ್ಣಂದಾಜಿನಾಗ ಮಾರ್ತೀನಿ."

ಬಸ್ಸಿನಲ್ಲಿ ತಕ್ಕಡಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಗುಂಡಿ ಬಂದಾಗಲೆಲ್ಲ ಚೀಲದೊಳಗಿಂದ ಅದು ಸಣ್ಣಗೆ ಕೂಗುತ್ತಿತ್ತು. ಏನು ಹೇಳಬೇಕೆಂದು ಅವಳು ಜೋಡಿಸಿಕೊಂಡಳು. ನಾನೇ ಆ ಪರಿಶೀಲಕಿ. ದೊಡ್ಡಬಸಪ್ಪನವರಿಗೆ ಖಾತೆ ತೆರೆದುಕೊಡುತ್ತೇನೆ, ಅವರು ಒಂದು ಸಾಲು ಬರೆದರೆ ಸಾಕು. ಇದು ಸರಳವಾಗಿತ್ತು. ಅದಾದ ಮೇಲೆ ಅವರು ಚಹಾ ತರಿಸಬಹುದು. ಪೈಥಾನ್ ಬಗ್ಗೆ ಅವಳು ಇದುವರೆಗೆ ಯಾರ ಜೊತೆಗೂ ಕನ್ನಡದಲ್ಲಿ ಮಾತಾಡಿರಲಿಲ್ಲ.

ಅಂಗಡಿ ಕ್ರಾಸಿನಲ್ಲೇ ಇತ್ತು. ಬಾಗಿಲಿಗೆ ಎದುರಾಗಿ ದಪ್ಪ ಕನ್ನಡಕದ ಮುದುಕರೊಬ್ಬರು ಕೂತು, ತೂಕಕ್ಕೆ ಇಡುವ ಒಂದು ಕಬ್ಬಿಣದ ಬಟ್ಟನ್ನು ಕಣ್ಣಿಗೆ ಹಿಡಿಯದೆ ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದರು.

"ಬಾ ತಾಯಿ, ಕುಂದ್ರು. ಏನು ತಂದಿ?"

ಅವಳು ತಕ್ಕಡಿ ಕೊಟ್ಟಳು. ಹಂಪೇಶ್ ಅಂಗಡಿ ಇದೇ ಏನ್ರಿ ಎಂದು ಕೇಳಿದಳು.

"ಅಂಗಡಿ ನಂದು. ಕೆಲಸ ಅವಂದು. ಸಂಡೂರಿಗೆ ಹೋಗ್ಯಾನ, ಗಣಿಯಾಗ ಒಂದು ವೇಬ್ರಿಜ್ ಕೆಟ್ಟೈತಿ. ಈಗ ಬರ್ತಾನ. ನೀ ಎಲ್ಲಿಂದ ಬಂದಿ?"

"ಹೊಸಪೇಟಿ. ಕಾಲೇಜಿನಾಗ ಕಂಪ್ಯೂಟರ್ ಲ್ಯಾಬ್ ನೋಡ್ಕೊಂತೀನ್ರಿ."

"ಕಂಪ್ಯೂಟರ್." ದೊಡ್ಡಬಸಪ್ಪ ಬಟ್ಟನ್ನು ಕೆಳಗಿಟ್ಟರು. "ಹಂಗಾದ್ರ ನಿನ್ನ ಒಂದು ಮಾತು ಕೇಳ್ತೀನಿ. ಕಂಪ್ಯೂಟರಿನೋರು ಎಲ್ಲಾರೂ ಹಿಂಗ ಇರ್ತಾರೇನು? ನಮ್ಮ ಹಂಪೇಶ ಏನೋ ಒಂದು ಬರ್ದಾನ, ಬರೇ ಪುಗಸಟ್ಟೆ ಎಲ್ಲಾರಿಗೂ ಕೊಡಾಕ. ಪುಗಸಟ್ಟೆ ಕೊಡೋದಕ್ಕೂ ಒಬ್ಬ ಸಾಹೇಬ ಕುಂತಾನ, ಯಾವ ದೇಶದೋನೋ. ದಿನಾ ಒಂದು ತಪ್ಪು ಹುಡುಕ್ತಾನ. ಗಣಿ ಗುಡ್ಡದಾಗ ನೆಟ್ವರ್ಕ್ ಇಲ್ಲ. ಇಂವ ಕೆಲಸ ಬಿಟ್ಟು ಬೈಕ್ ಹತ್ತಿ ಯಶವಂತನಗರದ ತನಕ ಇಳದು, ರಸ್ತಿ ಬಾಜೂಕ ಕುಂತು ತಿದ್ತಾನ. ಮತ್ತ ಹತ್ತತಾನ. ಈ ಬಿಸಲಾಗ."

ಹನ್ನೆರಡು ಗಂಟೆ. ಮೂರೂ ನಲವತ್ತು. ನಾನೇ ಆ ಪರಿಶೀಲಕಿ ಎಂದು ಶುರು ಮಾಡಬೇಕಿದ್ದ ಸುಕನ್ಯಾ ಚೀಲದ ಬಾಯನ್ನು ಮಡಚಿದಳು.

"ನಮ್ಮ ಕಾಲದಾಗ ಬಟ್ಟಿಗೆ ಸರಕಾರಿ ಮುದ್ರಿ ಒತ್ತಾಕ ಒಬ್ರು ಸಾಹೇಬ್ರು ಬರ್ತಿದ್ರು," ಎಂದರು ದೊಡ್ಡಬಸಪ್ಪ. "ಇವತ್ತು ಹಿಡಿಕಿ ಸಡಲ ಐತಿ ಅನ್ನೋರು. ನಾಳಿ ಬಂದು ಬಣ್ಣ ಹೋಗೈತಿ ಅನ್ನೋರು. ನಂಗ ಆರು ತಿಂಗಳು ತಿಳೀಲಿಲ್ಲ. ಕಡೀಕ ನೋಡಿದ್ರ ಅವರಿಗೆ ಕಮಲಾಪುರದ ಸುಗಂಧಿ ಬಾಳಿಗೊನಿ ಬೇಕಾಗಿತ್ತು. ಬಾಯಿಬಿಟ್ಟು ಕೇಳಾಕ ನಾಚಿಗಿ. ಸುಮ್ಮ ಸುಮ್ಮನ ತಪ್ಪು ಹುಡುಕೋನಿಗೆ ಬ್ಯಾರೆ ಏನೋ ಬೇಕಾಗಿರ್ತೈತಿ ತಾಯಿ. ಅದಕ್ಕ ಹಂಪೇಶಗ ಹೇಳಿದೆ, ಆ ಸಾಹೇಬಗ ಏನು ಬೇಕಂತ ಕೇಳ್ಲೇ ಅಂತ. ಕೇಳ್ದ."

"ಏನಂದ್ರಂತ?"

"ಅದ್ಯಾವುದೋ ಅಕ್ಷರ ದೊಡ್ಡದಾತಂತ, ಸಣ್ಣದು ಮಾಡು ಅಂದನಂತ." ಅವರು ನಕ್ಕರು. "ಇಂವ ಭಾಳ ದೊಡ್ಡದೇನೋ ಬೇಡೋನು. ಬಾಳಿಗೊನಿಗೆ ಮುಗಿಯೋದಲ್ಲ."

ಬೈಕಿನ ಸದ್ದಾಯಿತು. ಬಂದವನಿಗೆ ಮೂವತ್ತು ಇರಬಹುದು. ಪ್ಯಾಂಟು ಮೊಣಕಾಲಿನ ತನಕ ಅದಿರಿನ ಕೆಂಪು ಧೂಳಾಗಿತ್ತು. ಅವನು ಅವಳಿಗೆ ನಮಸ್ಕಾರ ಮೇಡಂ ಎಂದು, ತಕ್ಕಡಿ ಎತ್ತಿಕೊಂಡು ತಳ ನೋಡಿದ. ಹತ್ತೊಂಬತ್ತು ದಿನದಿಂದ ದಿನವೂ ಮಾತಾಡಿದ ಮನುಷ್ಯನ ದನಿ ಅವಳು ಅಂದುಕೊಂಡಿದ್ದಕ್ಕಿಂತ ತೆಳ್ಳಗಿತ್ತು.

"ಹಂಪೇಶ, ಈಕಿ ಕಂಪ್ಯೂಟರ್ ಕಾಲೇಜಿನಾಕಿ. ಆ ಸಾಹೇಬ ಬರ್ದಿದ್ದು ತೋರ್ಸು. ನೀ ಹೇಳಿದ್ರ ನಂಗ ಅರ್ಥ ಆಗಂಗಿಲ್ಲ. ಈಕಿ ಓದಿ ಕನ್ನಡದಾಗ ಹೇಳಲಿ."

"ಬ್ಯಾಡ ಬಿಡು ತಾತ. ಪಾಪ, ಅವರಿಗ್ಯಾಕ."

"ಓದ್ತಾಳ ತಗೋ. ಏನವ್ವಾ?"

ಫೋನು ಅವಳ ಕೈಗೆ ಬಂತು. ಗಾಜಿನ ಮೇಲೂ ಕೆಂಪು ಧೂಳಿತ್ತು. ಹಸಿರು ಚೌಕಗಳ ಪಕ್ಕದಲ್ಲಿ ಅವಳದೇ ವಾಕ್ಯಗಳು ಸಾಲಾಗಿ ನಿಂತಿದ್ದವು.

"ಎರಡು ಖಾಲಿ ಸಾಲು ಅದಾವ, ಒಂದು ಸಾಕು ಅಂತ ಬರ್ದಾರ," ಎಂದಳು.

"ಖಾಲಿ ಸಾಲು ಅಂದ್ರ? ಏನೂ ಬರೀದ ಜಾಗ?"

"ಹೌದ್ರಿ."

"ಏನೂ ಇಲ್ಲದ ಜಾಗ ಜಾಸ್ತಿ ಆತಂತ ಇವನ್ನ ಗುಡ್ಡ ಇಳಿಸ್ಯಾನ?"

"ಅವರಿಗೆ ಅವರ ನಿಯಮ ಇರ್ತಾವ ತಾತ," ಎಂದ ಹಂಪೇಶ್. "ಎಲ್ಲಾ ಓದಿ ನೋಡ್ಯಾರಲ್ಲ, ಅದು ಮುಖ್ಯ. ಇಲ್ಲೀತನಕ ನನ್ನ ಕೆಲಸಾನ ಒಂದು ಸಾಲೂ ಬಿಡದ ಯಾರು ಓದಿದ್ರು? ಗಣಿಯೋರು ಅಂಕಿ ಬಂದ್ರ ಸಾಕಂತಾರ."

ಅವಳು ಮುಂದಿನದನ್ನು ಓದಿದಳು. ಅದರ ಮುಂದಿನದನ್ನೂ. ಮುದುಕರು ಪ್ರತಿಯೊಂದಕ್ಕೂ ನಗುತ್ತಿದ್ದರು. ಕೊನೆಗೆ ಪಟ್ಟಿಯ ವಿಷಯ ಬಂತು.

"ನನ್ನ ಹೆಸರು ಮ್ಯಾಲ ಹಾಕ್ಯಾನಂತ," ಎಂದರು ದೊಡ್ಡಬಸಪ್ಪ. "ಅಲ್ಲಿ ಹೆಸರು ಇದ್ರ ಏನು ಮಾಡ್ಬೇಕು?"

ಇದಕ್ಕೆ ಅವಳು ಫೋನು ನೋಡದೆ ಉತ್ತರ ಹೇಳಿದಳು. "ಅದು ಗೌರವಕ್ಕ ಹಾಕೋ ಜಾಗ ಅಲ್ರಿ. ನಾಳೆ ಯಾವುದೋ ಊರಾಗ ಇದು ಕೆಟ್ಟು ಯಾರೋ ಕೇಳಿದ್ರ, ಅಲ್ಲಿ ಹೆಸರು ಇದ್ದೋರು ಉತ್ತರ ಕೊಡಬೇಕು. ಕುಂತು ತಿದ್ದಬೇಕು. ಅದಕ್ಕ ಅವರ ಬಾಯಿಂದನ ಒಪ್ಪಿಗಿ ಕೇಳ್ತಾರ. ನೀವು ಒಪ್ಪೋದಾದ್ರ ನಾನ ಖಾತೆ ಮಾಡಿಕೊಡ್ತೀನಿ."

ದೊಡ್ಡಬಸಪ್ಪ ನಗುವುದನ್ನು ನಿಲ್ಲಿಸಿದ್ದರು. ಪಕ್ಕದ ಡಬ್ಬಿಯಿಂದ ತಂತಿ ಪೋಣಿಸಿದ ಒಂದು ಸೀಸದ ಮುದ್ರೆ ತೆಗೆದು ಅವಳ ಅಂಗೈಗೆ ಹಾಕಿದರು. ಮೇಲೆ 'ದೊ' ಎಂದು ಒತ್ತಿತ್ತು. "ರಿಪೇರಿ ಮಾಡಿದ ಮ್ಯಾಲ ಇದನ್ನ ಒತ್ತತಿದ್ದೆ. ನಾಕು ತಿಂಗಳಿಗೆ ಕಾಟಾ ತಪ್ಪು ತೂಗಿದ್ರ, ಯಾರ ಮುದ್ರಿ ಅಂತ ನೋಡಿ ನನ್ನ ಮನೀಗೆ ಬರೋರು. ನಾ ಬಯ್ಸಿಕೊಂಡು ಹೋಗಿ ಸರಿ ಮಾಡ್ತಿದ್ದೆ. ಕಣ್ಣು ಹೋದ ವರ್ಷ ಒತ್ತೋದು ಬಿಟ್ಟೆ. ನೋಡಲಾರದ ಕೆಲಸಕ್ಕ ಮುದ್ರಿ ಒತ್ತಬಾರದು." ಹಂಪೇಶನ ಕಡೆ ತಿರುಗಿದರು. "ತಗಿ ನನ್ನ ಹೆಸರು."

"ತಾತ, ಅದು ಹಂಗಲ್ಲ. ಹಿರೇರ ಹೆಸರು ಮ್ಯಾಲ ಇರಬೇಕಲ್ಲ. ಲಗ್ನಪತ್ರದಾಗ ಹಾಕಂಗಿಲ್ಲೇನು?"

"ಲಗ್ನಪತ್ರದಾಗ ಹೆಸರಿದ್ದೋರು ಯಾರು ಅಡಿಗಿ ಮಾಡ್ತಾರಲೇ? ಇದು ಅಡಿಗಿ ಮಾಡೋರ ಪಟ್ಟಿ ಅಂತ ಈಕಿ ಹೇಳ್ತಾಳ. ತಗಿ."

"ಒಬ್ಬನ ಹೆಸರು ಒಂಟಿ ಕಾಣ್ತೈತಿ."

"ಕಾಣಲಿ. ಒಬ್ಬನ ಮಾಡಿದ್ದು, ಒಬ್ಬಂದ ಹೆಸರು."

"ನಿಮ್ಮ ಲೈಬ್ರರಿ ಜೊತಿಗೆ 'ಮೊದಲು ಇದನ್ನ ಓದ್ರಿ' ಅನ್ನೋ ಒಂದು ಕಡತ ಇರ್ತೈತಲ್ಲ," ಎಂದಳು ಸುಕನ್ಯಾ, "ಅದರಾಗ ಮೊದಲ ಸಾಲು, ಇವರಿಂದ ಕಲ್ತಿದ್ದು ಅಂತ ಬರೀರಿ. ಅದಕ್ಕ ಯಾರ ಒಪ್ಪಿಗಿನೂ ಬ್ಯಾಡ."

ಹಂಪೇಶ್ ಅವಳನ್ನು ಒಂದು ಕ್ಷಣ ನೋಡಿದ. ಇಷ್ಟು ಗೊತ್ತಿರುವವರು ಇಷ್ಟು ಹತ್ತಿರ ಇರುತ್ತಾರೆಂದು ಅವನಿಗೆ ಹೊಳೆದಿರಬಹುದು. ಇನ್ನೊಂದು ಪ್ರಶ್ನೆ ಕೇಳಿದ್ದರೆ ಅವಳು ಹೇಳಿಬಿಡುತ್ತಿದ್ದಳು. ಅವನು ಫೋನು ತೆಗೆದುಕೊಂಡು ಬೆನ್ನು ತಿರುಗಿಸಿ ನಿಂತ. ಸ್ವಲ್ಪ ಹೊತ್ತು ಹೆಬ್ಬೆರಳು ಎತ್ತಿಕೊಂಡೇ ಇದ್ದ. ಆಮೇಲೆ ಹೆಸರು ಅಳಿಸಿದ, ಬರೆದ, ಕಳಿಸಿದ.

ಅವಳ ಚೀಲದಲ್ಲಿ ಫೋನು ಎರಡು ಸಲ ಗುರುಗುಟ್ಟಿತು.

"ಅದು ನಿನ್ನ ಫೋನು ಅಲ್ಲೇನು ತಾಯಿ?" ಕಣ್ಣು ಕಾಣದಿದ್ದರೂ ದೊಡ್ಡಬಸಪ್ಪನವರ ಕಿವಿ ಚುರುಕಾಗಿತ್ತು.

"ಕಾಲೇಜಿಂದು ಇರಬೇಕ್ರಿ. ಆಮ್ಯಾಲ ನೋಡ್ತೀನಿ."

ಹಂಪೇಶ್ ಅಷ್ಟರಲ್ಲಿ ಹೊನ್ನೂರಮ್ಮನ ತಕ್ಕಡಿಯನ್ನು ಕಲ್ಲಿನ ಮೇಜಿನ ಮೇಲಿಟ್ಟು ಸ್ವಿಚ್ ಹಾಕಿದ್ದ. ಅದು ಸೊನ್ನೆ ತೋರಿಸಿತು. ಒಂದು ಕಿಲೋ ಬಟ್ಟು ಇಟ್ಟ. ಒಂದು ಕಿಲೋ ತೋರಿಸಿತು. "ಇದಕ್ಕೇನೂ ಆಗಿಲ್ಲ ಮೇಡಂ. ಇಟ್ಟ ಜಾಗ ಮಟ್ಟ ಇಲ್ಲ ಅಷ್ಟ. ಒಂದು ಕಾಲಿನ ತಳಕ್ಕ ರಟ್ಟು ಇಡ್ರಿ."

ಬಸ್ ನಿಲ್ದಾಣದ ನೆರಳಿನಲ್ಲಿ ನಿಂತು ಅವಳು ಪುಟ ತೆರೆದಳು. ಮಾಡಿದ್ದೇನೆ ಸರ್, ಪರಿಶೀಲಿಸಿ. ಪಟ್ಟಿಯಲ್ಲಿ ಒಂದೇ ಹೆಸರಿತ್ತು. ಯಂತ್ರದ ಗುರುತುಗಳೆಲ್ಲ ಹಸಿರಾಗಿದ್ದವು. ಕಡತವನ್ನು ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ ಓದಿದಳು. ಆಮೇಲೆ ಇಂಗ್ಲಿಷಿನಲ್ಲಿ ಬರೆದಳು: ಒಪ್ಪಿದೆ. ಕಳೆದ ಹದಿಮೂರು ದಿನ ಈ ರೆಸಿಪಿಯಲ್ಲಿ ತಿದ್ದಲೇಬೇಕಾದದ್ದು ಆ ಒಂದು ಹೆಸರು ಮಾತ್ರ. ಅದನ್ನು ಮೊದಲ ದಿನವೇ ಹೇಳಬೇಕಿತ್ತು. ತಡ ನನ್ನದು, ಕ್ಷಮಿಸಿ.

ಒತ್ತಿದಳು. ಪುಟದ ತಲೆಯ ಮೇಲಿನ ಹಸಿರು ನೇರಳೆಯಾಯಿತು. ತಕ್ಕಡಿ ಉಗ್ರಾಣಕ್ಕೆ ಸೇರಿತ್ತು.

ಕ್ರಾಸಿನ ಆಚೆ ಹಂಪೇಶ್ ಫೋನು ಹಿಡಿದುಕೊಂಡು ಅಂಗಡಿಯಿಂದ ಹೊರಗೆ ಬಂದ. ಬಿಸಿಲಿಗೆ ಕೈ ಅಡ್ಡ ಹಿಡಿದು ಓದಿದ. ಒಳಗೆ ಓಡಿದ. ನಿಲ್ದಾಣದ ಕಡೆ ನೋಡಲಿಲ್ಲ. ನೋಡುವುದಕ್ಕೆ ಕಾರಣವೂ ಇರಲಿಲ್ಲ.

ಸೋಮವಾರ ಬೀಗ ತೆಗೆದು ಕಂಪ್ಯೂಟರ್ ಹಾಕಿದಾಗ, ಮುಗಿದ ಪುಟದ ಕೊನೆಯಲ್ಲಿ ಒಂದು ಮಾತು ಬಂದಿತ್ತು. ಗೌರವಾನ್ವಿತ ಸರ್, ಧನ್ಯವಾದ. ನನ್ನ ಗುರುಗಳು ತಮಗೆ ಒಂದು ಗೊನೆ ಬಾಳೆಹಣ್ಣು ಕಳಿಸಬೇಕೆಂದು ಹಟ ಹಿಡಿದಿದ್ದಾರೆ. ಇಲ್ಲಿಯ ಹಣ್ಣು ಬಹಳ ಚೆನ್ನಾಗಿರುತ್ತದೆ. ತಾವು ಯಾವ ದೇಶದವರು, ವಿಳಾಸ ಏನು ಎಂದು ತಿಳಿಸಿ.

ಸುಕನ್ಯಾ ಚಿತ್ತವಾಡ್ಗಿ ಎಂದು ಟೈಪು ಮಾಡಿದಳು. ಅದರ ಕೆಳಗೆ ಹೊಸಪೇಟೆ. ಅದನ್ನು ಓದಿದ ಕೂಡಲೇ ಹಂಪೇಶನಿಗೆ ತಕ್ಕಡಿ ತಂದವಳು ನೆನಪಾಗುತ್ತಾಳೆ. ಕಲ್ಲಿನ ಮೇಜಿನ ಮುಂದೆ ಕೂತು, ತನ್ನವೇ ಮಾತುಗಳನ್ನು ಬೇರೆ ಯಾರದೋ ಎಂಬಂತೆ ಒಂದೊಂದಾಗಿ ಓದಿ ಹೇಳಿದವಳು, ಮುದುಕರು ನಗುವಾಗ ಸುಮ್ಮನಿದ್ದವಳು. ಶನಿವಾರ ಬೆಳಿಗ್ಗೆಯ ತನಕ ಆ ವಿಳಾಸ ಕೊಡಬಹುದಿತ್ತು.

ಅಳಿಸಿದಳು. ತುಂಬ ದೂರ, ದಾರಿಯಲ್ಲಿ ಹಣ್ಣು ಕೆಡುತ್ತದೆ ಎಂದು ಬರೆದಳು. ನಿಮ್ಮ ಗುರುಗಳಿಗೆ ನಮಸ್ಕಾರ ತಿಳಿಸಿ.

ಉತ್ತರ ಕೂಡಲೇ ಬಂತು. ಅವನು ಅಂದು ಗುಡ್ಡದ ಮೇಲೆ ಇರಲಿಲ್ಲವೆಂದು ತೋರಿತು. ಅಷ್ಟು ದೂರದಿಂದ ಇದನ್ನೆಲ್ಲ ಓದಿದಿರಲ್ಲ ಸರ್, ಅದೇ ದೊಡ್ಡದು.

ಐದು ಗಂಟೆಗೆ ಇನ್ನೂ ತುಂಬ ಹೊತ್ತಿತ್ತು. ಪಟ್ಟಿಯಲ್ಲಿ ಮುಂದಿನದು ಫಿನ್ಲೆಂಡಿನ ಯಾರದೋ ರೆಸಿಪಿ. ಎರಡು ಭಾಗಗಳ ನಡುವೆ ಎರಡು ಖಾಲಿ ಸಾಲುಗಳಿದ್ದವು. ಅವಳು ಅವನ್ನು ದಾಟಿ ಕೆಳಗೆ ಓದಿದಳು.